‘ಹೊಸಹಾದಿ’ಯನ್ನು ಅಳಿಸಿದವರು ಯಾರು?

“ಗ್ರೂಪೇ ಇಲ್ಲ ಕಣೋ ಅಂಜನ್! ನೀನೇ ತಾನೆ ಅಳಿಸಿದ್ದು?”

ಶಿರಾ ಗೇಟಿನ ತನ್ನ ಮೊಬೈಲ್ ರಿಪೇರಿ ಅಂಗಡಿಯ ಷಟರ್ ಎತ್ತುತ್ತಿದ್ದ ಅಂಜನ್‌ಕುಮಾರ ತಿರುಗಿ ನೋಡಿದ. ಎದುರಿಗೆ, ಗುಬ್ಬಿಯಿಂದ ಮೊದಲ ಬಸ್ಸಿಗೇ ಓಡಿಬಂದ ಶಿವಮೂರ್ತಿ.

‘ಹೊಸಹಾದಿ’ ಶಿವಮೂರ್ತಿ ಕಟ್ಟಿದ ಟೆಲಿಗ್ರಾಂ ಗುಂಪು. ಗಂಡಸರ ಮೇಲಿನ ಒಲವನ್ನು ಬಿಡಬೇಕೆಂದು ಹೆಣಗುತ್ತಿದ್ದ ಮೂವತ್ತೇಳು ಗಂಡಸರು ಅಲ್ಲಿ ದಿನಾ ತಪ್ಪೊಪ್ಪಿಕೊಳ್ಳುತ್ತಿದ್ದರು, ಒಬ್ಬರಿಗೊಬ್ಬರು ಧೈರ್ಯ ಹೇಳುತ್ತಿದ್ದರು. ಕದ್ದುಮುಚ್ಚಿ ಏನನ್ನೂ ನೋಡಬಾರದೆಂದು ಒಂದು ಕಟ್ಟಳೆ: ಫೋನಿನ ಲಾಕ್ ನಂಬರು ಗುಂಪಿನ ಒಬ್ಬರಿಗೂ ಮನೆಯ ಒಬ್ಬರಿಗೂ ಗೊತ್ತಿರಬೇಕು. ಕುಣಿಗಲ್ ಮೂಲದ ಅಂಜನನೂ ಅಲ್ಲಿ ಸೇರಿದ್ದ. ಒಲವೇನೂ ಬಿಟ್ಟುಹೋಗಲಿಲ್ಲ, ಶಿವಮೂರ್ತಿಯಂಥ ಗೆಳೆಯ ಸಿಕ್ಕಿದ. ಈಗ ಅವನೂ ಕೈತಪ್ಪುವಂತಿತ್ತು.

“ನನ್ನ ಲಾಕ್ ನಂಬರ್ ಗೊತ್ತಿರೋದು ನಿಂಗೆ, ಅಮ್ಮಂಗೆ ಇಬ್ಬರಿಗೇ. ಅಮ್ಮಂಗೆ ಫೋನ್ ಎತ್ತೋದು ಬಿಟ್ರೆ ಏನೂ ಬರಲ್ಲ.”

“ಕೊಡಿಲ್ಲಿ…” ಅಂಜನ್ ಫೋನು ಈಸಿಕೊಂಡು ಒತ್ತಿ ನೋಡಿದ. “ಬೇರೆ ಎಲ್ಲಿಂದಲೂ ಲಾಗಿನ್ ಆಗಿಲ್ಲ. ಈ ಫೋನಲ್ಲೇ ಅಳಿಸವ್ರೆ. ರಾತ್ರಿ ಎಲ್ಲಿತ್ತು?”

“ದಿಂಬಿನ ಪಕ್ಕ. ನಾಲ್ಕು ಪರ್ಸೆಂಟ್ ಇತ್ತು, ಹಂಗೇ ನಿದ್ದೆ ಬಂತು.”

“ಬೆಳಿಗ್ಗೆ?”

“ಅಲ್ಲೇ ಇತ್ತು.”

ಅಂಜನ್ ಪರದೆ ನೋಡಿದ. ಷಟರ್ ಮತ್ತೆ ಎಳೆದ. “ನಡಿ, ನಿಮ್ಮನೆಗೆ.”

ಗುಬ್ಬಿಯಲ್ಲಿ ಶಿವಮೂರ್ತಿಯ ತಾಯಿ ಸಿದ್ದಲಕ್ಷ್ಮಮ್ಮ ರೊಟ್ಟಿ ತಟ್ಟುತ್ತಿದ್ದರು.

“ಶಿವು,” ಅಂದ ಅಂಜನ್, “ರಾತ್ರಿ ನಾಲ್ಕಿದ್ದ ಚಾರ್ಜು ಬೆಳಿಗ್ಗೆ ಅಂಗಡೀಲಿ ನಾನು ನೋಡಿದಾಗ ತೊಂಬತ್ತಾರು. ಕೇಡು ಬಗೆಯೋನು ಗ್ರೂಪ್ ಅಳಿಸಿ, ಫೋನ್ ಚಾರ್ಜಿಗೂ ಹಾಕಿ, ವಾಪಸ್ ದಿಂಬಿನ ಪಕ್ಕ ಇಡ್ತಾನಾ? ಎದ್ದಾಗ ಮಗ ಒದ್ದಾಡಬಾರದು ಅಂತ ಯಾರು ಹಾಕ್ತಾರೆ? — ನೀವೇ ಅಲ್ವಾ, ಅಮ್ಮ?”

“ಹೂಂ, ನಾನೇ.” ಸಿದ್ದಲಕ್ಷ್ಮಮ್ಮನ ಕೈ ನಿಲ್ಲಲಿಲ್ಲ. “ಚಾರ್ಜಿಗೆ ಹಾಕೋಕೆ ಎತ್ಕೊಂಡೆ, ನಂಬರ್ ಒತ್ತಿದ್ರೆ ಆ ಗ್ರೂಪೇ ಕಾಣ್ತು. ‘ನನ್ನ ಕಂಡ್ರೆ ನಂಗೇ ಅಸಹ್ಯ’ ಅಂತ ಬರ್ದಿದ್ಯಲ್ಲ, ನಾನು ಹೆತ್ತ ಮಗನ್ನ ಹಂಗನ್ನೋಕೆ ನೀನ್ಯಾರ್ಲಾ? ಅಲ್ಲಿ ಇಲ್ಲಿ ಒತ್ತಿದೆ, ಅಳಿಸ್ಲಾ ಅಂತ ಎರಡು ಸಲ ಕೇಳ್ತು. ಎರಡು ಸಲಾನೂ ಹೂಂ ಅಂದೆ.”

ಶಿವಮೂರ್ತಿ ಗೋಡೆಗೊರಗಿ ಕುಳಿತ. “ಎಲ್ಲಾ… ಓದಿದ್ಯಾ?”

“ಎಲ್ಲಾ ಓದ್ದೆ. ನೀನು ಹೆಂಗಿದ್ರೂ ನನ್ನ ಮಗ ಕಣೋ.”

ಅವನು ಅತ್ತುಬಿಟ್ಟ. ಆಮೇಲೆ ಮೆಲ್ಲಗೆ ಹೇಳಿದ: “ಅವರಿಗೆಲ್ಲಾ ಆ ಗ್ರೂಪ್ ಬಿಟ್ರೆ ಯಾರೂ ಇಲ್ಲಮ್ಮ. ಎಲ್ಲಿಗೆ ಹೋಗ್ತಾರೆ?”

ಸಿದ್ದಲಕ್ಷ್ಮಮ್ಮ ಈಗ ಪೆಚ್ಚಾದರು. ಒಂದು ರೊಟ್ಟಿ ಸೀದೂ ಹೋಯಿತು.

“ಅದು ನಂಗೆ ಹೊಳೀಲಿಲ್ಲ ಕಣೋ. ಹಂಗಾದ್ರೆ ಊಟಕ್ಕೆ ಕರಿ. ಮೂವತ್ತೇಳು ಜನಾನೂ ಬರ್ಲಿ, ದಿನಕ್ಕಿಬ್ಬರಂಗೆ.” ಅಂಜನನತ್ತ ತಿರುಗಿದರು. “ನೀನೇ ಮೊದಲನೆಯೋನು. ಕೈ ತೊಳ್ಕೊ ಹೋಗು.”

ಶಿವಮೂರ್ತಿ ಕಣ್ಣೊರೆಸಿಕೊಂಡು, ಸರಿದು ಪಕ್ಕದಲ್ಲಿ ಜಾಗ ಮಾಡಿದ.