ಮಿಣುಕಿ ಮಡಚಿಕೊಟ್ಟ ಕಂಬಳಿ

“ಸರಿ ಮೇಡಂ. ತಿಳೀತು.”

ದುರುಗೇಶನ ಮೆಸೇಜ್ ಅಷ್ಟೇ. ‘ನಾಗಶ್ರೀ ಅವ್ರೇ’ ಎಂದು, ಆ ‘ಅವ್ರೇ’ಯನ್ನು ಬೇಕಂತಲೇ ಸ್ವಲ್ಪ ಎಳೆದು ಕರೆಯುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ನನ್ನನ್ನು ಮೇಡಂ ಮಾಡಿಬಿಟ್ಟಿದ್ದ. ಆಮೇಲೆ ಫೋನೂ ಎತ್ತಲಿಲ್ಲ.

ನಾನು ಕಿನ್ನರಿಯರ ಕಥೆ ಬರೆಯುವವಳು. ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಜ್ಜಿ ಹೇಳುತ್ತಿದ್ದ ಕಥೆಗಳೇ ನನ್ನ ಬಂಡವಾಳ. ಗೂಡ್ಸ್ ಗಾಡಿ ಬಂದರೆ ಕಥೆ ನಿಲ್ಲುತ್ತಿತ್ತು, ಕೊನೆಯ ಡಬ್ಬಿ ದಾಟಿದ ಮೇಲೆ ಕಿನ್ನರಿ ಮತ್ತೆ ಹಾರುತ್ತಿದ್ದಳು.

ನನ್ನ ಮೊದಲ ಮಾಲಿಕೆ ಕಿನ್ನರಿ ರಾಣಿಯದು. ಅದರಲ್ಲಿ ಕೋಟೆಯ ಹೊಂಡ ಕಾಯುವ ಮಿಣುಕಿ ಎಂಬ ಪುಟಾಣಿ ಕಿನ್ನರಿ ಅರ್ಧ ಪುಟ ಬಂದು ಹೋಗುತ್ತಾಳೆ. ಓದಿದ ಕಾಲೇಜು ಹುಡುಗಿಯರು ರಾಣಿಯನ್ನು ಬಿಟ್ಟು ಅವಳನ್ನು ಹಿಡಿದುಕೊಂಡರು. “ಅಕ್ಕಾ, ಮಿಣುಕಿ ಆಮೇಲೆ ಎಲ್ಲಿಗೆ ಹೋದ್ಲು?” ಎಂದು ಪೀಡಿಸಿ ಪೀಡಿಸಿ ಅವಳದೇ ಬೇರೆ ಮಾಲಿಕೆ ಶುರುಮಾಡಿಸಿದರು. ಅದಕ್ಕೆ ಚಿತ್ರ ಬರೆಯಲು ಪ್ರಕಾಶಕರು ಹುಡುಕಿ ತಂದವನೇ ಶ್ರೀರಾಂಪುರದ ಕಡೆಯ ಕುರಿಗಾರರ ಮನೆಯ ಹುಡುಗ, ದುರುಗೇಶ.

ಅವನ ಮೊದಲ ಚಿತ್ರ ನೋಡಿದಾಗ ನಾನು ಚಹಾ ಕುಡಿಯುವುದನ್ನೇ ಮರೆತಿದ್ದೆ. ದುರ್ಗದ ಗುಡ್ಡಗಳ ಮೇಲೆ ತಿರುಗುತ್ತವಲ್ಲ, ನಾವೆಲ್ಲ ಫ್ಯಾನು ಎನ್ನುವ ಆ ಗಾಳಿಯಂತ್ರಗಳು, ಅಂಥದೊಂದರ ರೆಕ್ಕೆಯ ತುದಿಯಲ್ಲಿ ಕುಳಿತು ಮಿಣುಕಿ ತಲೆ ಬಾಚಿಕೊಳ್ಳುತ್ತಿದ್ದಳು. ಕೂದಲೆಲ್ಲ ಹೊಳಲ್ಕೆರೆ ದಿಕ್ಕಿಗೆ ಹಾರುತ್ತಿತ್ತು. ನಾನು ಬರೆದದ್ದು ಬರೀ ‘ಗಾಳಿಯಲ್ಲಿ ಬಂದಳು’ ಎಂದು.

“ಇದೆಲ್ಲ ಹೆಂಗ್ ಹೊಳೀತದೆ ನಿಮಗೆ?” ಎಂದಿದ್ದೆ.

“ಕುರಿ ಹಿಂದೆ ಹೋದ್ರೆ ಮೇಲೆ ನೋಡೋದು ಬಿಟ್ರೆ ಬೇರೆ ಏನ್ ಕೆಲ್ಸ ಐತ್ರಿ?” ಎಂದು ನಕ್ಕಿದ್ದ. ನಗುವಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಬಲಗೆನ್ನೆ ಪಾಪ, ಕಾಯುತ್ತಿತ್ತು.

ಕಳೆದ ಸಲ ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಒಂದು ಕರಿ ಕಂಬಳಿ ನನ್ನ ಕೈಗಿಟ್ಟ. “ನಮ್ಮತ್ತೆ ನೂತಿದ್ದು, ಅಪ್ಪ ನೇಯ್ದಿದ್ದು. ಇಟ್ಕಳ್ರಿ.” ಅಷ್ಟು ಹೇಳುವುದರೊಳಗೆ ಕಿವಿ ಕೆಂಪಾಗಿತ್ತು. ಬಿಸಿಲಿಗಿರಬೇಕು ಅಂದುಕೊಂಡೆ.

ಕಂಬಳಿ ಎಷ್ಟು ಇಷ್ಟವಾಯಿತೆಂದರೆ, ನೇರ ಕಥೆಗೇ ಹೊದಿಸಿಬಿಟ್ಟೆ. ಕೊನೆಯ ಅಧ್ಯಾಯದಲ್ಲಿ ಮಿಣುಕಿ ತಾನು ಪ್ರೀತಿಸಿದ ಕುರಿಗಾಹಿಗೆ ಅವನ ಕಂಬಳಿಯನ್ನು ಮಡಚಿ ವಾಪಸ್ ಕೊಟ್ಟು, ತನ್ನ ಹೊಂಡ ಕಾಯಲು ಹಾರಿಹೋಗುತ್ತಾಳೆ. ಬರೆದು, ನಾನೇ ಅತ್ತು, ಹೆಮ್ಮೆಯಿಂದ ಮೊದಲು ಕಳಿಸಿದ್ದು ದುರುಗೇಶನಿಗೆ.

ಅದಕ್ಕೆ ಬಂದ ಉತ್ತರವೇ ಈ ‘ಮೇಡಂ’.

ನಾಲ್ಕು ದಿನ ತಡೆದುಕೊಂಡು, ಐದನೇ ದಿನ ಹೊಸದುರ್ಗದಲ್ಲಿ ಬಸ್ ಬದಲಾಯಿಸಿ ಶ್ರೀರಾಂಪುರಕ್ಕೆ ಹೊರಟೆ. ವಿಳಾಸ ಹುಡುಕುವುದು ಕಷ್ಟವಾಗಲಿಲ್ಲ. ಗೋಡೆಯ ತುಂಬ ಟಗರು, ನವಿಲು ಬರೆದ ಮನೆ ಊರಿಗೆ ಒಂದೇ ಇತ್ತು. ಜಗಲಿಯ ಮೇಲೆ ಅವನ ಸೋದರತ್ತೆ ಮಲ್ಲಕ್ಕ ಉಣ್ಣೆ ನೂಲುತ್ತಿದ್ದರು.

ನಾನು ಹೆಸರು ಹೇಳಿದ್ದೇ ತಡ, ಕದಿರು ನಿಂತಿತು.

“ಓ, ಕಂಬಳಿ ವಾಪಸ್ ಕೊಟ್ಟಾಕಿ ನೀನೇನಾ? ಯಾಕವ್ವ, ನನ್ನ ನೂಲು ಚುಚ್ತಿತ್ತಾ?”

“ಅಯ್ಯೋ, ನಾನೆಲ್ಲಿ ಕೊಟ್ಟೆ? ನನ್ನ ಮಂಚದ ಮೇಲೇ ಇದೆ!”

“ಮತ್ತೆ ಪುಸ್ತಕದಾಗೆ ಮಡಚಿ ಕೊಟ್ಟೀಯಂತೆ? ನಮ್ಮ ಹುಡುಗ ಓದಿ ಹೇಳ್ದ. ಅವತ್ತು ಮುದ್ದೆ ಅರ್ಧಕ್ಕೆ ಬಿಟ್ಟು ಎದ್ದೋದ.”

“ಅದು ಕಿನ್ನರಿ ಕೊಟ್ಟಿದ್ದು ಅತ್ತೆ, ನಾನಲ್ಲ.”

‘ಅತ್ತೆ’ ಬಾಯಿತಪ್ಪಿ ಬಂದಿತ್ತು. ಮಲ್ಲಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದ ಜಾಗ ತಟ್ಟಿದರು. “ಬಾ, ಕುಂತ್ಕ. ನಿಂಗೆ ಏನೂ ಗೊತ್ತಿಲ್ಲ ಅನ್ನು ಹಂಗಾರೆ.”

ಅವರೇ ಹೇಳಿದರು. ಅವರ ಮನೆತನದಲ್ಲಿ ಗಂಡು ಕೈಯಾರೆ ಕಂಬಳಿ ಕೊಟ್ಟರೆ ‘ಮದುವೆ ಆಗ್ತೀಯಾ’ ಎಂದು ಕೇಳಿದಂತೆ. ಹುಡುಗಿ ಇಟ್ಟುಕೊಂಡರೆ ಹೂಂ. ಮಡಚಿ ಹಿಂದಕ್ಕೆ ಕೊಟ್ಟರೆ ಇಲ್ಲ. ಹಾಗೆ ಇಲ್ಲ ಅಂದವಳ ಬೆನ್ನು ಹತ್ತಬಾರದು, ಗಂಡು ಎರಡನೇ ಸಲ ಬಾಯಿ ಬಿಡಬಾರದು.

ಚೆಂದ ಕಂಡಿತೆಂದು ಬರೆದ ಒಂದು ಸಾಲು, ಅವನ ಬಾಯಿಗೆ ಜೀವಮಾನದ ಬೀಗ ಹಾಕಿತ್ತು.

“ಹೆಣ್ಣು ಕೇಳಬಾರದು ಅಂತ ಏನಾದ್ರೂ ಐತಾ?” ನನಗೇ ಗೊತ್ತಿಲ್ಲದೆ ಅವರ ಮಾತಿನ ಧಾಟಿ ನನ್ನ ಬಾಯಿಗೆ ಬಂದಿತ್ತು.

ಮಲ್ಲಕ್ಕ ಗದ್ದಕ್ಕೆ ಕೈಯಿಟ್ಟು ಯೋಚಿಸಿದರು. “ಅದನ್ನ ಇಲ್ಲೀಗಂಟ ಯಾರೂ ಕೇಳಿಲ್ಲ ನೋಡು. ಹೋಗು, ಹಟ್ಟಿ ಹಿಂದೆ ಅವ್ನೆ.”

ಸಂಜೆಯ ಬಿಸಿಲಿತ್ತು. ಕುರಿಗಳು ಆಗಷ್ಟೇ ಮೇದು ಬಂದು, ಧೂಳೆಲ್ಲ ಬಂಗಾರದ ಬಣ್ಣಕ್ಕೆ ತಿರುಗಿತ್ತು. ದುರುಗೇಶ ಕಲ್ಲುಚಪ್ಪಡಿಯ ಮೇಲೆ ಡ್ರಾಯಿಂಗ್ ಹಾಳೆ ಇಟ್ಟುಕೊಂಡು ಸುಮ್ಮನೆ ಕುಳಿತಿದ್ದ. ಹಾಳೆಯಲ್ಲಿ ರೆಕ್ಕೆಗಳಿದ್ದವು, ಗಾಳಿಯಿತ್ತು. ಮುಖ ಇರಲಿಲ್ಲ.

ನನ್ನನ್ನು ನೋಡಿ ಗಾಬರಿಯಿಂದ ಎದ್ದ. “ಮೇಡಂ…”

“ಇನ್ನೊಂದ್ಸಲ ಮೇಡಂ ಅಂದ್ರೆ ಬಂದ ಬಸ್ಸಿಗೇ ಹೋಗ್ತೀನಿ.”

ಕೆಳಗೆ ನೋಡಿದ. ಎಷ್ಟು ಉದ್ದದ ರೆಪ್ಪೆಗಳು ಇವನವು! ಇದೇನು ರೆಪ್ಪೆ ನೋಡುವ ಹೊತ್ತಾ ಎಂದು ನನ್ನನ್ನೇ ಬೈದುಕೊಂಡೆ.

“ಮುಖ ಯಾಕೆ ಬರೆದಿಲ್ಲ?”

“ಮೊದಲ ಚಿತ್ರದಿಂದ್ಲೂ ನಿಮ್ಮ ಮುಖಾನೇ ನೋಡ್ಕಂಡು ಮಿಣುಕೀನ ಬರ್ದಿದ್ದೆ. ಈಗ ಹೋಗೋ ಮುಖ ಬರೀಬೇಕು.” ಪೆನ್ಸಿಲ್ ತಿರುಗಿಸಿದ. “ಕೈ ಓಡ್ಲಿಲ್ಲ.”

ಅಷ್ಟೂ ಚಿತ್ರಗಳನ್ನು ಮನಸ್ಸಿನಲ್ಲೇ ತಿರುವಿಹಾಕಿದೆ. ಆ ಮೂಗು, ಕೋಪ ಬಂದಾಗ ಎಡಕ್ಕೆ ಓಡುವ ಆ ತುಟಿ. ನಾನೆಂಥ ಕುರುಡಿ!

“ಮಲ್ಲತ್ತೆ ಎಲ್ಲ ಹೇಳಿದ್ರು. ನನಗೆ ನಿಮ್ಮನೆ ಪದ್ಧತಿ ಗೊತ್ತಿರಲಿಲ್ಲ.”

ಅವನ ಮುಖ ನಿಧಾನಕ್ಕೆ ಮೇಲೆದ್ದಿತು. “ಹಂಗಾರೆ ಕೊನೆ ಅಧ್ಯಾಯ ಬದಲಾಯಿಸ್ತೀರಾ?”

“ಇಲ್ಲ.”

ಎದ್ದ ಮುಖ ಮತ್ತೆ ಇಳಿಯಿತು.

“ಮಿಣುಕಿ ಹೋಗ್ಲೇಬೇಕು. ಅವಳಿಗೆ ಕಾಯೋಕೆ ಹೊಂಡ ಇದೆ, ಹಾರೋಕೆ ರೆಕ್ಕೆ ಇದೆ. ಅದು ಅವಳ ಕಥೆ.” ಅವನ ಕೈಯಿಂದ ಪೆನ್ಸಿಲ್ ತೆಗೆದುಕೊಂಡೆ. “ನನ್ನದು ಬೇರೆ. ದುರುಗೇಶ್, ನನ್ನ ಮದುವೆ ಆಗ್ತೀರಾ?”

ಪಕ್ಕದಲ್ಲಿದ್ದ ಕುರಿಯೊಂದು ಮೆಲುಕು ಹಾಕುವುದನ್ನು ನಿಲ್ಲಿಸಿ ನನ್ನನ್ನು ನೋಡಿತು. ಆಮೇಲೆ ಅವನ ಎಡಗೆನ್ನೆಯಲ್ಲಿ ಮೆಲ್ಲಗೆ ಗುಳಿ ಬಿತ್ತು.

“ಇನ್ನೊಂದ್ಸಲ ಕೇಳ್ರಿ.”

“ಎರಡನೇ ಸಲ ಕೇಳಂಗಿಲ್ಲವಂತಲ್ಲ?”

“ಅದು ಗಂಡಸರಿಗೆ. ಹೆಣ್ಮಕ್ಕಳಿಗೆ ಇವತ್ತಿಂದ ಹೊಸ ಪದ್ಧತಿ.”

ಹಾಗಾಗಿ ಇನ್ನೊಂದು ಸಲ ಕೇಳಿದೆ. ಅವನು ಹೂಂ ಅಂದ. ಸರಿಯಾಗಿ ಕೇಳಿಸಲಿಲ್ಲ ಅಂತ ಸುಳ್ಳು ಹೇಳಿ, ಅವನ ಬಾಯಿಂದಲೂ ಎರಡು ಸಲ ಹೇಳಿಸಿದೆ.