ಬೆನ್ನಿಲ್ಲದ ಶೆಲ್ಫು

ನನ್ನ ಬಾಯಿ ದೊಡ್ಡದು, ಧೈರ್ಯ ಸಣ್ಣದು. ಹಲ್ಲಿ ಕಂಡರೆ ಮಂಚ ಹತ್ತುವವಳು ನಾನು. ಹೆದರಿಕೆ ಆದಷ್ಟೂ ಜೋರಾಗಿ ಬೈಯುತ್ತೇನೆ, ಇಲ್ಲದಿದ್ದರೆ ಅಳು ಬಂದುಬಿಡುತ್ತದೆ. ಆದರೆ ಆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಸುಬ್ರಮಣಿಯ ಮೆಸೇಜ್ ಬಂದಾಗ ಬೈಗುಳವೂ ಬಾಯಿಗೆ ಬರಲಿಲ್ಲ.

“40 aani bandaite. mani hatra aite. bhaya aagtaite.”

ನಲವತ್ತು ಆನೆ ಬಂದೈತೆ. ಮನೆ ಹತ್ರ ಐತೆ. ಭಯ ಆಗ್ತೈತೆ.

ಅವನ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಮನೆ ‘ಮನಿ’ ಆಗುವುದು, ಬೆಲೆ ‘ಬೆಲಿ’ ಆಗುವುದು ನನಗೆ ರೂಢಿಯಾಗಿತ್ತು. ಅವನ ಊರು ಸಾನಮಾವು ಕಾಡಿನ ಅಂಚಿನಲ್ಲಿದೆ. ರಾಗಿ ಕೊಯ್ಲಿನ ಕಾಲ ಬೇರೆ. ಹಿಂಡು ಬಂದಿದೆಯೆಂದು ಫ್ಯಾಕ್ಟರಿಯ ವಾಟ್ಸಾಪ್ ಗ್ರೂಪಿನಲ್ಲಿ ನಾಲ್ಕು ದಿನದಿಂದ ಅದೇ ಮಾತು.

ಫೋನ್ ಮಾಡಿದೆ. ಅವನು ಸಂಪರ್ಕದ ಆಚೆ ಇದ್ದಾನೆ ಎಂದು ಒಬ್ಬಾಕೆ ತಮಿಳಿನಲ್ಲಿ ಬಹಳ ಮರ್ಯಾದೆಯಿಂದ ಹೇಳಿದಳು. ಆರು ಸಲ ಹೇಳಿದಳು.

ಸ್ಕೂಟಿಯ ಕೀ ಹುಡುಕುತ್ತಿದ್ದಾಗ ರೂಮ್‌ಮೇಟ್ ಭೂಮಿಕಾ ಹಲ್ಲುಜ್ಜುತ್ತಾ ಬಂದಳು. “ಎಲ್ಲಿಗೇ?”

“ಸುಬ್ರಮಣಿ ಊರಿಗೆ. ಆನೆ ಬಂದಿದೆ.”

“ಆನೆ ಬಂದಿದ್ರೆ ಯಾರಾದ್ರೂ ಆ ಕಡೆಗೆ ಹೋಗ್ತಾರೇನೇ? ಹುಚ್ಚು ಹಿಡೀತಾ ನಿಂಗೆ?”

ಹೆಲ್ಮೆಟ್ ಹಾಕಿಕೊಂಡು ಹೊರಟೆ.

ಸುಬ್ರಮಣಿ ನಮ್ಮ ಹೊಸೂರಿನ ಫ್ಯಾಕ್ಟರಿಯಲ್ಲಿ ಪ್ಯಾಕಿಂಗಿಗೆ ಮರದ ಪೆಟ್ಟಿಗೆ ಮಾಡುವವನು. ನಾನು ಮೇಘಶ್ರೀ, ಕ್ವಾಲಿಟಿಯಲ್ಲಿ ದಿನವಿಡೀ ಬೋಲ್ಟು, ಮೊಳೆ, ಸ್ಕ್ರೂ ಅಳೆಯುವವಳು. ವರ್ಷದ ಹಿಂದೆ ಅವನ ಪೆಟ್ಟಿಗೆಯಿಂದ ಚಾಚಿದ್ದ ಒಂದು ಮೊಳೆಗೆ ಸಿಕ್ಕಿ ನನ್ನ ದುಪಟ್ಟಾ ಹರಿಯಿತು. “ಕಣ್ಣು ಕಾಣಲ್ವೇನ್ರೀ?” ಎಂದು ಹಾರಿಬಿದ್ದೆ. ಅವನು ಮೊಳೆಗೆ ತನ್ನೂರಿನ ಪದವೇನೋ ಹೇಳಿ ತಪ್ಪಾಯ್ತು ಎಂದ. ನಾನು ನಕ್ಕೆ. “ಅದಕ್ಕೆ ಮೊಳೆ ಅಂತಾರೆ” ಎಂದು ತಿದ್ದಿದೆ. “ನಮ್ಮನೇಲಿ ತಾತನ ಕಾಲದಿಂದ ಕನ್ನಡಾನೇ ಮೇಡಂ. ಓದಿದ್ದು ತಮಿಳು, ಅದ್ಕೇ ಎರಡೂ ಕಲೆತೋಗೈತೆ” ಎಂದ. ಅಂದಿನಿಂದ ನನ್ನೆದುರು ‘ಮೊಳೆ’ ಎಂದೇ ಹೇಳುತ್ತಿದ್ದ. ಹೇಳುವ ಮುಂಚೆ ಒಂದು ಗಳಿಗೆ ನಿಂತು, ತುಟಿಯ ಒಂದೇ ತುದಿಯಲ್ಲಿ ನಗುತ್ತಿದ್ದ. ಆ ಅರ್ಧ ನಗುವನ್ನು ನೋಡಲೆಂದೇ ನಾನು ಪ್ಯಾಕಿಂಗ್ ಕಡೆ ಸುತ್ತು ಹಾಕುತ್ತಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಶೆಲ್ಫಿನ ವಿಷಯ ಬಂದದ್ದು ಕ್ಯಾಂಟೀನಿನಲ್ಲಿ. ನನ್ನ ಹುಬ್ಬಿನ ಮೇಲಿನ ಗಾಯದ ಗುರುತು ನೋಡಿ ಏನೆಂದು ಕೇಳಿದ. ಒಂಬತ್ತು ವರ್ಷದವಳಿದ್ದಾಗ ಅಪ್ಪ ಮಾಡಿದ ಪುಸ್ತಕದ ರ‍್ಯಾಕು ಹತ್ತಲು ಹೋಗಿದ್ದೆ. ಅದು ಪುಸ್ತಕಗಳ ಸಮೇತ ಮೇಲೆ ಬಿತ್ತು. ಅಪ್ಪ ಹೆದರಿ ಮತ್ತೆಂದೂ ರ‍್ಯಾಕು ಮಾಡಲಿಲ್ಲ, ಪುಸ್ತಕವೆಲ್ಲ ಗೋಣಿಚೀಲ ಸೇರಿತು. ಹೊಸೂರು ಬಿಟ್ಟು ಸ್ವಂತ ಊರು ತಿಪಟೂರಿಗೆ ವಾಪಸ್ ಹೋಗುವಾಗ ಏಳು ಚೀಲವನ್ನೂ ನನಗೆ ಬಿಟ್ಟುಹೋದರು.

“ಹಿಂದ್ಗಡೆ ಹಲಗೆ ಇರ್ಲಿಲ್ವೇನೋ” ಎಂದ ಸುಬ್ರಮಣಿ. “ಬೆನ್ನಿಲ್ದಿದ್ರೆ ಶೆಲ್ಫು ನಿಲ್ಲಲ್ಲ ಮೇಡಂ. ಬೆನ್ನಿಗೆ ಪ್ಲೈವುಡ್ ಹೊಡ್ದು, ಗೋಡೆಗೆ ಕ್ಲಾಂಪ್ ಹಾಕ್ಬೇಕು. ನೀವೇ ಮಾಡಿ, ನಾನ್ ಹೇಳ್ಕೊಡ್ತೀನಿ. ತಾನೇ ಮಾಡಿದ್ದಕ್ಕೆ ಯಾರೂ ಹೆದರಲ್ಲ.”

ನಮ್ಮ ಮನೆ ಓನರು ಗೋಡೆಗೆ ಒಂದು ಮೊಳೆ ಹೊಡೆದರೂ ಖಾಲಿ ಮಾಡಿಸುತ್ತೇನೆ ಎಂದವರು. ಅಲ್ಲಿ ಸುತ್ತಿಗೆಯ ಸದ್ದೇ ಆಗುವಂತಿರಲಿಲ್ಲ. ಕ್ಲಾಂಪಿನ ಚಿಂತೆ ಆಮೇಲಕ್ಕಿಟ್ಟು ಕೆಲಸ ಅವನ ಮನೆಯ ಜಗಲಿಯಲ್ಲಿ ಶುರು ಮಾಡಿದೆವು. ಹುಳ ಹಿಡಿಯದಿರಲೆಂದು ಬೇವಿನ ಹಲಗೆ ತಂದಿದ್ದ. ನನ್ನ ಪುಸ್ತಕಗಳನ್ನು ದಾರದಲ್ಲಿ ಅಳೆದು ಅಡ್ಡಹಲಗೆಗಳ ಅಂತರ ಗುರುತಿಸಿದ. ಓದಲು ಬಾರದ ಕನ್ನಡ ಅಕ್ಷರಗಳ ಮೇಲೆ ಬೆರಳಾಡಿಸುತ್ತ, “ಇದ್ರ ಎಸ್ರೇನು?” ಎಂದು ಒಂದೊಂದಕ್ಕೂ ಕೇಳಿದ. ನಾನು ಹಲಗೆಗೆ ಉಪ್ಪುಕಾಗದ ತಿಕ್ಕಿ ನಯ ಮಾಡುತ್ತಿದ್ದೆ. ಒಮ್ಮೆ ನನ್ನ ಕೂದಲಿನತ್ತ ಕೈಚಾಚಿ ಅರ್ಧಕ್ಕೇ ನಿಲ್ಲಿಸಿದ.

“ಪುಡಿ… ತಲೇಲಿ.”

“ಎಲ್ಲಿ?”

“ಅಲ್ಲೇ.”

“ತೆಗೀರಿ ಮತ್ತೆ, ನೋಡ್ತಾ ಕೂತಿದ್ದೀರಲ್ಲ!”

ತೆಗೆದ. ಮರದ ಪುಡಿ ಒಂದು ಚಿಟಿಕೆಯಷ್ಟಿತ್ತು, ಅವನಿಗೆ ಎರಡು ನಿಮಿಷ ಹಿಡಿಯಿತು.

ಮೂರು ಭಾನುವಾರದಲ್ಲಿ ಬೆನ್ನಿನ ಹಲಗೆಯೊಂದು ಬಿಟ್ಟು ಎಲ್ಲ ಮುಗಿಯಿತು. ಆಮೇಲೆ ಮೂರು ವಾರ ಒಂದೇ ರಾಗ: “ಮುಕ್ಕಾಲಿಂಚಿನ ಮೊಳೆ ಸಿಗ್ತಿಲ್ಲ ಮೇಡಂ.” ನಾನೂ “ಓಹೋ, ಹೌದಾ” ಎಂದು ಚಹಾ ಕುಡಿದು ಬರುತ್ತಿದ್ದೆ. ಹೋದ ವಾರ ಅವನ ತಾಯಿ ಮುನಿರತ್ನಮ್ಮ, “ಇನ್ನೂ ಮುಗೀಲಿಲ್ವೇನಮ್ಮಾ?” ಎಂದು ನಕ್ಕರು. ನನ್ನ ಗುಟ್ಟು ಬಯಲಾಯಿತೆಂದು ಹೆದರಿ ಸುಬ್ರಮಣಿಯ ಮೇಲೆ ಹರಿಹಾಯ್ದೆ. “ಮುಂದಿನ ಭಾನುವಾರ ಮೊಳೆ ಬರ್ದಿದ್ರೆ ಆನ್‌ಲೈನಲ್ಲಿ ಸ್ಟೀಲ್ ರ‍್ಯಾಕ್ ತರಿಸ್ತೀನಿ. ನೀವೂ ಬೇಡ, ನಿಮ್ಮ ಬೇವೂ ಬೇಡ!”

ಅವನ ಮುಖ ಬಾಡಿತು. ವಾರವೆಲ್ಲ ಮಾತಾಡಲಿಲ್ಲ. ಅದೇ ನನ್ನ ಕೊನೆಯ ಮಾತಾಗಿಬಿಟ್ಟರೆ? ರಾಯಕೋಟೆ ರಸ್ತೆಗೆ ಬೀಳುವಾಗ ಎದೆಯಲ್ಲಿ ಅದೊಂದೇ ಕುಟ್ಟುತ್ತಿತ್ತು.

ಕಾಡಿನ ರಸ್ತೆ ಶುರುವಾದ ಕಡೆ ಹಳದಿ ಬೋರ್ಡಿದೆ. ನನಗೆ ತಮಿಳು ಓದುವುದು ಕಷ್ಟ. ಆದರೆ ಬೋರ್ಡಿನಲ್ಲಿದ್ದ ಆನೆಯ ಚಿತ್ರಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ. ಮುಂದೆ ಮುರಿದ ಕೊಂಬೆ, ರಸ್ತೆ ಮೇಲೆ ಲದ್ದಿ. ತಿರುವಿನಲ್ಲಿ ನೀಲಗಿರಿ ಮರಗಳ ಹಿಂದೆ ಕಪ್ಪಗೆ, ದೊಡ್ಡದಾಗಿ ಏನೋ ನಿಂತಿತ್ತು.

ಸ್ಕೂಟಿ ಆಫ್ ಮಾಡಿದೆ. ವಾಪಸ್ ಹೋಗು ಮೇಘಾ, ಎಂದು ಮೈಯ ಎಲುಬುಗಳೆಲ್ಲ ಹೇಳಿದವು. ಹಿಂದೆ ತಿರುಗಿ ನೋಡಿದೆ, ಹೊಸೂರಿನ ದಾರಿ ಖಾಲಿಯಿತ್ತು. ಅಲ್ಲಿಗೆ ಹೋದರೆ ನನ್ನ ರೂಮಿದೆ, ಏಳು ಗೋಣಿಚೀಲವಿದೆ, ಅವನಿಲ್ಲ. ಕಣ್ಣಲ್ಲಿ ನೀರು ಸುರಿಸುತ್ತಲೇ ಸ್ಟಾರ್ಟ್ ಮಾಡಿ ಅದರ ಪಕ್ಕದಲ್ಲೇ ಹಾದುಹೋದೆ. ಅದು ಬಂಡೆ. ಬರೀ ಬಂಡೆ. “ಥೂ ನಿನ್ನ!” ಎಂದು ಬಂಡೆಗೂ ಬೈದೆ.

ಊರು ಸೇರಿದಾಗ ಮುನಿರತ್ನಮ್ಮ ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಆನೆ… ಎಲ್ಲಿ?” ಎಂದೆ ಏದುಸಿರಿನಲ್ಲಿ.

“ಆನೇನಾ? ನಿನ್ನೇನೇ ಡೆಂಕಣಿಕೋಟೆ ಕಡೀಕ್ ಹೊಂಟೋದ್ವಲ್ಲಮ್ಮ. ಇದ್ಯಾಕಿಂಗ್ ಬೆವ್ತಿದ್ದೀಯ?”

ಒಳಗಿನಿಂದ ಸುಬ್ರಮಣಿ ಬಂದ. ಕಿವಿಯ ಮೇಲೆ ಪೆನ್ಸಿಲ್, ಕೈಯಲ್ಲಿ ಕಾಗದದ ಪೊಟ್ಟಣ, ಮೈಯಲ್ಲಿ ಒಂದು ಗೀರೂ ಇಲ್ಲ. ಈಗ ಬಂತು ನನ್ನ ಬೈಗುಳ.

“ಬುದ್ಧಿ ಇದೆಯೇನ್ರೀ ನಿಮ್ಗೆ? ನಲವತ್ತು ಆನೆ ಬಂದಿದೆ ಅಂತ ಸುಳ್ಳು ಹೇಳ್ತಾರಾ ಯಾರಾದ್ರೂ? ದಾರೀಲಿ ನನ್ನ ಜೀವ ಬಾಯಿಗೆ ಬಂದಿತ್ತು!”

“ಆನೆ ಅಂತ ಯಾವಾಗಂದೆ ಮೇಡಂ?”

ಫೋನನ್ನು ಮುಖಕ್ಕೆ ಹಿಡಿದೆ. ಓದಿದ. ಮತ್ತೊಮ್ಮೆ ಓದಿದ. ಪೊಟ್ಟಣ ಬಿಚ್ಚಿ ತೋರಿಸಿದ. ಒಳಗೆ ಮುಕ್ಕಾಲಿಂಚಿನ ಸಣ್ಣ ಮೊಳೆಗಳು ಹೊಳೆಯುತ್ತಿದ್ದವು.

“ಆನೆ ಅಲ್ಲ. ಆಣಿ. ನಮ್ಮಲ್ಲಿ ಮೊಳೆಗೆ ಆಣಿ ಅಂತಾನೇ ಅನ್ನೋದು. ನಿಮ್ಗೆ ಮೊಳೆ ಅಂತಲೇ ಹಾಕ್ಬೇಕಿತ್ತು. ಅವಸರದಲ್ಲಿ ನಮ್ ಮಾತೇ ಬಂದ್ಬುಡ್ತು.”

ಅಯ್ಯೋ, ಅದೇ ಪದ! ಅವತ್ತು ನಾನು ನಕ್ಕು ತಿದ್ದಿದ ಪದ. ಜಗಲಿಯ ಮೇಲೆ ಕೂತುಬಿಟ್ಟೆ.

“ಮತ್ತೆ ಭಯ ಅಂತ ಯಾಕೆ ಹಾಕಿದ್ರಿ? ಮೊಳೆ ಕಂಡ್ರೆ ಯಾರಿಗ್ರೀ ಭಯ?”

ಅವನು ಪೊಟ್ಟಣವನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. “ಈ ನಲವತ್ತು ಹೊಡುದ್ರೆ ಮುಗೀತು. ಶೆಲ್ಫು ಹೊಂಟೋಯ್ತದೆ, ನೀವೂ ಬರಲ್ಲ. ಆಮೇಲೆ ಭಾನುವಾರ ಬಂದ್ರೆ ನಾನೇನ್ ಮಾಡ್ಲಿ?” ತಲೆ ತಗ್ಗಿಸಿ ಸೇರಿಸಿದ, “ಆಣಿ ಇವತ್ ಬಂದಿದ್ದಲ್ಲ. ಮೂರು ವಾರದಿಂದ ಅಕ್ಕಿ ಡಬ್ಬೀಲಿಟ್ಟಿದ್ದೆ.”

“ಗೊತ್ತಿತ್ತು.”

“ಗೊತ್ತಿತ್ತಾ?”

“ನಾನು ಕ್ವಾಲಿಟಿ ಕಣ್ರೀ. ಮುಕ್ಕಾಲಿಂಚಿನ ಮೊಳೆ ಕೆಲಮಂಗಲದ ಯಾವ ಅಂಗಡೀಲೂ ಇಲ್ಲ ಅಂದ್ರೆ ನಂಬ್ತೀನಾ? ಸುಮ್ನಿದ್ದೆ, ಅಷ್ಟೇ.”

“ಅಕ್ಕಿ ಡಬ್ಬೀಲಿ ಆಣಿ ಮಡಗಿದ್ದೋನು ನೀನೇನ್ಲಾ?” ಹೊಸ್ತಿಲಿಂದ ಮುನಿರತ್ನಮ್ಮ ಕೂಗಿದರು. “ಮೊನ್ನೆ ನನ್ನ ಹಲ್ಲೇ ಹೋಗ್ತಿತ್ತು ಕಣ್ಲಾ!”

ಅವರು ಅವರೆಕಾಯಿಯ ಮೊರ ಎತ್ತಿಕೊಂಡು, ನಗು ತಡೆಯುತ್ತಾ ಹಿತ್ತಲಿಗೆ ಹೋದರು. ಸುಬ್ರಮಣಿ ನನ್ನೆದುರು ಕುಕ್ಕರಗಾಲಲ್ಲಿ ಕೂತ.

“ನಲವತ್ತು ಆನೆ ಐತೆ ಅಂತ ತಿಳ್ಕೊಂಡೂ ಬಂದ್ರಾ?”

“ನೀನಿದ್ದೆಯಲ್ಲ ಇಲ್ಲಿ.”

ಅದು ತಾನಾಗಿ ಬಂದ ‘ನೀನು’. ಇಬ್ಬರಿಗೂ ಕೇಳಿಸಿತು. ವಾಪಸ್ ತೆಗೆದುಕೊಳ್ಳಲು ನಾನು ಹೋಗಲಿಲ್ಲ.

“ಆನೆ ಅಂದ್ರೆ ಪ್ರಾಣಭಯ ನಂಗೆ. ದಾರಿ ಪೂರ್ತಿ ಅಳ್ತಾ ಬಂದೆ. ಆದ್ರೆ ನೀನಿಲ್ದೆ ಹೋದ್ರೆ ಅನ್ನೋದು ಅದಕ್ಕಿಂತ ದೊಡ್ಡ ಭಯ ಆಯ್ತು. ಇಷ್ಟ ನೀನು ನಂಗೆ. ಸಾಕಾ?”

ಅವನ ತುಟಿಯ ಒಂದು ತುದಿ ನಕ್ಕಿತು. ಆಮೇಲೆ ಇನ್ನೊಂದು ತುದಿಯೂ. ಪೂರ್ತಿ ನಗುವನ್ನು ಅವತ್ತೇ ನಾನು ಮೊದಲು ನೋಡಿದ್ದು.

“ಆಣೆ ಮಾಡು” ಎಂದೆ, ಮೂಗು ಒರೆಸಿಕೊಂಡು. “ಇನ್ಮೇಲೆ ನಂಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯಲ್ಲ ಅಂತ.”

“ಆಣಿ ಮಾಡ್ಲಾ?”

“ಆಣಿ ಅಲ್ಲಪ್ಪಾ, ಆಣೆ! ಪ್ರಮಾಣ!”

“ಕನ್ನಡ ಬರೆಯಾಕೆ ಬರಲ್ವಲ್ಲ ಮೇಘಾ.”

ಅವನ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಬೆನ್ನಿನ ಪ್ಲೈವುಡ್ ಮೇಲೆ ದೊಡ್ಡದಾಗಿ ಬರೆದೆ: ಆಣಿ. ಆನೆ. ಆಣೆ. ನಾನು ಹೇಳಿಕೊಟ್ಟಂತೆ ಅವನು ಬೆರಳಿಟ್ಟು ಒಂದೊಂದನ್ನೂ ಓದಿದ. ಮೂರನೆಯದರ ಮೇಲೆ ಬೆರಳು ಹಾಗೇ ಉಳಿಯಿತು. ನಾನು ಅದರ ಮೇಲೆ ನನ್ನ ಕೈ ಇಟ್ಟೆ. “ಆಣೆಗೂ” ಎಂದ ಅವನು.

ಆಮೇಲೆ ಶೆಲ್ಫನ್ನು ಬೋರಲು ಮಲಗಿಸಿ ಹಲಗೆ ಕೂರಿಸಿದೆವು. ಆಣಿ ಹಿಡಿದವನು ಅವನು, ಸುತ್ತಿಗೆ ನನ್ನದು.

“ಬೆರಳಿಗೆ ಬಿದ್ರೆ?”

“ಬೀಳ್ಲಿ. ಕಣ್ ಮಾತ್ರ ಮುಚ್ಕೋಬೇಡ.”

ಎರಡು ಸಲ ಬಿತ್ತು. ಅವನು ಕೈ ತೆಗೆಯಲಿಲ್ಲ. ಬೆನ್ನು ಕೂತಂತೆಲ್ಲ ಅಲ್ಲಾಡುತ್ತಿದ್ದ ಶೆಲ್ಫು ಗಟ್ಟಿಯಾಯಿತು. ಎಣಿಸುವುದು ನನ್ನ ಉದ್ಯೋಗ. ಮೂವತ್ತೊಂಬತ್ತಕ್ಕೆ ಅವನ ಕೈ ಮೆಲ್ಲಗೆ ಅಂಗಿಯ ಜೇಬಿಗೆ ಹೋಯಿತು.

“ಮುಗೀತು” ಎಂದ, ಎತ್ತಲೋ ನೋಡುತ್ತ.

“ಕೊಡು ಇಲ್ಲಿ.”

“ಒಂದೇ ಒಂದಲ್ವಾ. ಮುಂದಿನ್ ವಾರಕ್ಕಿರ್ಲಿ.”

ಅವನ ಜೇಬಿಗೆ ಕೈ ಹಾಕಿ ನಾನೇ ತೆಗೆದೆ. “ಮುಂದಿನ ವಾರ ಇದಿಲ್ದಿದ್ರೂ ಬರ್ತೀನಿ” ಎಂದು ಜಾಗಕ್ಕಿಟ್ಟು ಹೊಡೆದೆ.

ಇಬ್ಬರೂ ಸೇರಿ ಶೆಲ್ಫನ್ನು ಎತ್ತಿ ನಿಲ್ಲಿಸಿದೆವು. ನನ್ನೆತ್ತರವೇ ಇತ್ತು. ಹುಬ್ಬಿನ ಗುರುತು ಒಮ್ಮೆ ಚುರುಕ್ಕೆಂದಿತು. ಓನರ ಗೋಡೆಗೆ ಕ್ಲಾಂಪ್ ಹಾಕುವಂತಿಲ್ಲ, ಹಾಗೇ ನಿಲ್ಲಿಸಲು ನನಗೆ ಧೈರ್ಯವಿಲ್ಲ. ಅವರ ಪಡಸಾಲೆಯ ಬಿಳಿ ಗೋಡೆ ನೋಡಿದೆ, ಅವನನ್ನು ನೋಡಿದೆ. ಕಾಡಿನ ತಿರುವಿನಲ್ಲಿ ಹೊಡೆದುಕೊಂಡದ್ದಕ್ಕಿಂತ ಜೋರಾಗಿ ಎದೆ ಹೊಡೆದುಕೊಳ್ಳುತ್ತಿತ್ತು.

“ಈ ಗೋಡೆಗೆ ಆಣಿ ಹೊಡೀಬಹುದಾ?”

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕಣ್ಣು ತುಂಬಿತು. “ಇದು ನಮ್ಮ ಗೋಡೆ” ಎಂದ. “ಎಷ್ಟ್ ಬೇಕಾದ್ರೂ ಹೊಡಿ.”

“ಕ್ಲಾಂಪ್ ಗಟ್ಟಿಯಾಗಿ ಹಾಕು ಮತ್ತೆ. ನಂಗೆ ಭಯ.”

“ನಂಗೂನು” ಎಂದು ಅವನು ಡ್ರಿಲ್ ತರಲು ಒಳಗೆ ಹೋದ.