ಮಿಂಚುಳ್ಳಿಯ ಹಿಂದಿದ್ದ ಮುಖ

“ಕ್ಯಾಮೆರಾ ಇಲ್ಲಿ ಕೊಡಿ.”

ಕೆರೆಯಂಚಿನ ಕಲ್ಲುಗಳನ್ನು ದಾಟಿ ಅವನೆದುರು ಬಂದು ನಿಂತಾಗ ಅವಳಿಗೆ ಏದುಸಿರು. ಅವನು ಗಾಬರಿಯಿಂದ ಕ್ಯಾಮೆರಾ ಕೆಳಗಿಳಿಸಿದ. ಉದ್ದನೆಯ ಲೆನ್ಸು, ಅದನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದಿದ್ದ. ಭಾನುವಾರದ ಹಕ್ಕಿ ನೋಡುವ ಗುಂಪಿಗೆ ಹೊಸದಾಗಿ ಸೇರಿದವನು; ಹಲ್ಲಿನ ಆಸ್ಪತ್ರೆಯಲ್ಲಿ ಹಲ್ಲಿನ ಸೆಟ್ ಮಾಡುತ್ತೇನೆಂದು ಬೆಳಿಗ್ಗೆಯಷ್ಟೇ ಪರಿಚಯ ಹೇಳಿಕೊಂಡಿದ್ದ.

“ಯಾಕೆ... ಏನಾಯ್ತು?”

“ನನ್ನೇ ಕೇಳ್ತೀರಾ? ಆಗಿನಿಂದ ನೋಡ್ತಾನೇ ಇದ್ದೀನಿ. ನಿಮ್ಮ ಲೆನ್ಸು ನನ್ನ ಕಡೆಯಿಂದ ಅಲ್ಲಾಡ್ತಾನೇ ಇಲ್ಲ. ನಾನೇನು ಹಕ್ಕೀನಾ?”

ಸುತ್ತಲಿದ್ದವರು ತಿರುಗಿ ನೋಡಿದರು. ಗುಂಪಿನ ಹಿರಿಯರೊಬ್ಬರು ಬಂದು ಕ್ಯಾಮೆರಾ ತೆಗೆದುಕೊಂಡು ಹಿಂದಿನ ಪುಟ್ಟ ಪರದೆಯನ್ನು ನೋಡಿದರು. ಅವಳ ಮುಖ. ಮತ್ತೆ ಅವಳ ಮುಖ. ಮತ್ತೆ ಅದೇ ಮುಖ, ಕಣ್ಣ ರೆಪ್ಪೆ ಎಣಿಸುವಷ್ಟು ಸ್ಪಷ್ಟ.

“ಏನಪ್ಪಾ ಇದು?” ಎಂದರು ಹಿರಿಯರು.

ಅವನು ಬಾಯಿ ತೆರೆದ. ಅವಳನ್ನು ನೋಡಿದ. ಆಮೇಲೆ ತಲೆ ತಗ್ಗಿಸಿದ.

ಆ ತಗ್ಗಿದ ತಲೆಯೇ ಅವಳಿಗೆ ಸಾಕ್ಷಿಯಾಯಿತು.

ಅವಳಿಗೂ ಕಾರಣವಿತ್ತು. ಚಿಕ್ಕಪ್ಪನ ಕ್ಯಾಮೆರಾ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವವಳು ಅವಳು. ರಿಪೇರಿಗೆ ಬಂದ ಕ್ಯಾಮೆರಾಗಳಲ್ಲಿ ಏನೇನು ನೋಡಿಲ್ಲ! ಬಸ್ಸಿನಲ್ಲಿ, ಮೆಟ್ಟಿಲ ಮೇಲೆ, ಗೊತ್ತಿಲ್ಲದಂತೆ ತೆಗೆದ ಹೆಣ್ಣುಮಕ್ಕಳ ಫೋಟೋಗಳು. ಈ ಸಲ ಸುಮ್ಮನಿರಬಾರದು ಎಂದುಕೊಂಡಳು. ಮನೆಗೆ ಹೋದವಳೇ ಅವನ ಹೆಸರು ಹಾಕಿ ಗುಂಪಿನವರಿಗೆಲ್ಲ ಮೆಸೇಜ್ ಕಳಿಸಿದಳು. ‘ಈ ಮನುಷ್ಯನ ಬಗ್ಗೆ ಹುಷಾರಾಗಿರಿ. ಹಲ್ಲಿನ ಆಸ್ಪತ್ರೆಯಲ್ಲಿ ಹಲ್ಲಿನ ಸೆಟ್ ಮಾಡುವವನು.’

ಯಾರೋ ಅದನ್ನು ಇನ್ಯಾರಿಗೋ ಕಳಿಸಿದರು. ಅವಳಿಗೆ ಒಂದು ಬಗೆಯ ಸಮಾಧಾನವೂ ಆಯಿತು.

ಕೆಲವು ವಾರಗಳ ನಂತರ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಕೌಂಟರಿನ ಮೇಲೆ ಕ್ಯಾಮೆರಾ ಇಟ್ಟಳು.

“ನಾನು ಮಕ್ಕಳ ಫೋಟೋ ತೆಗೆಯೋ ಸ್ಟುಡಿಯೋ ಇಟ್ಕೊಂಡಿದ್ದೀನಿ. ನನಗೆ ಇದು ಚೆನ್ನಾಗೇ ಕೆಲಸ ಮಾಡುತ್ತೆ. ಆದ್ರೆ ನನ್ನ ತಮ್ಮ ಹಕ್ಕಿ ತೆಗೀತೀನಿ ಅಂತ ತಗೊಂಡು ಹೋದಾಗ ಒಂದೂ ಸರಿಯಾಗಿ ಬರಲಿಲ್ವಂತೆ. ಫೋಕಸ್ಸಲ್ಲಿ ಏನಾದ್ರೂ ತೊಂದರೆ ಇದ್ಯಾ ನೋಡಿ.”

ಆ ಉದ್ದನೆಯ ಲೆನ್ಸನ್ನು ಕಂಡ ಕೂಡಲೇ ಅವಳಿಗೆ ಗುರುತು ಸಿಕ್ಕಿತು, ಕೆರೆಯ ಬಳಿ ಅವನ ಕೈಯಲ್ಲಿದ್ದ ಕ್ಯಾಮೆರಾ ಇದೇ.

ಅಂಗಡಿಯ ಗೋಡೆಯಲ್ಲಿ ಗಿಣಿಯ ಚಿತ್ರವಿದ್ದ ಹಳೆಯ ಕ್ಯಾಲೆಂಡರ್ ಇತ್ತು. ಅದನ್ನು ತೆಗೆದು ಚಿಕ್ಕಪ್ಪನ ಕೈಗೆ ಕೊಟ್ಟಳು.

“ಎದೆಗೆ ಹಿಡ್ಕೊಂಡು ಬಾಗಿಲ ಹತ್ರ ನಿಂತ್ಕೊ ಚಿಕ್ಕಪ್ಪ.”

“ಈ ವಯಸ್ಸಲ್ಲಿ ನನ್ನ ಮಾಡೆಲ್ ಮಾಡ್ತೀಯಾ ಪುಟ್ಟಿ?”

ಅವಳು ಕ್ಯಾಮೆರಾವನ್ನು ಗಿಣಿಯ ಕಡೆ ಗುರಿಯಿಟ್ಟು ಗುಂಡಿಯನ್ನು ಅರ್ಧ ಒತ್ತಿದಳು. ಪರದೆಯ ಮೇಲಿನ ಪುಟ್ಟ ಚೌಕ ಒಂದು ಕ್ಷಣ ಗಿಣಿಯ ಮೇಲೆ ತಡೆದು, ಟಣ್ಣನೆ ಮೇಲಕ್ಕೆ ಜಿಗಿದು ಚಿಕ್ಕಪ್ಪನ ಕಣ್ಣಿಗೆ ಅಂಟಿಕೊಂಡಿತು. ಮತ್ತೆ ಗಿಣಿಗೆ ತಂದಳು. ಮತ್ತೆ ಚಿಕ್ಕಪ್ಪನ ಕಣ್ಣು.

“ಗಿಣಿಗಿಂತ ನಾನೇ ಚೆನ್ನಾಗಿದ್ದೀನಿ ಅನ್ಸುತ್ತೆ,” ಎಂದು ಚಿಕ್ಕಪ್ಪ ನಕ್ಕರು.

ಅವಳಿಗೆ ನಗು ಬರಲಿಲ್ಲ. ಮೆನು ತೆರೆದಳು. ಆಟೋಫೋಕಸ್, ಅದರೊಳಗೆ ಯಾವುದನ್ನು ಗುರುತಿಸಬೇಕು ಎಂಬ ಆಯ್ಕೆ. ಪಕ್ಷಿ, ಪ್ರಾಣಿ, ವಾಹನ... ಗುರುತು ಇದ್ದದ್ದು ‘ಮನುಷ್ಯ’ ಎಂಬುದರ ಮುಂದೆ. ಫೋಕಸ್ ಹುಡುಕುವ ಜಾಗವೂ ಇಡೀ ಚೌಕಟ್ಟು. ಮಕ್ಕಳ ಫೋಟೋ ತೆಗೆಯುವವರು ಹಾಗೇ ಇಟ್ಟುಕೊಳ್ಳುತ್ತಾರೆ. ಹಕ್ಕಿಯ ಹಿಂದೆ ಎಲ್ಲೇ ಒಂದು ಮುಖ ಸಿಕ್ಕರೂ ಈ ಕ್ಯಾಮೆರಾ ಹಕ್ಕಿಯನ್ನು ಬಿಟ್ಟು ಅದನ್ನೇ ಹಿಡಿಯುತ್ತದೆ.

ದಿನಕ್ಕೆ ಎಷ್ಟೋ ಸಲ ಇದೇ ಮೆನು ತೆರೆದು ಮುಚ್ಚುವ ಕೈ ಅವಳದು. ಅವತ್ತು ಒಂದು ಸಲ... ಒಂದೇ ಒಂದು ಸಲ ತೆರೆದು ನೋಡಿದ್ದರೆ?

“ಒಳಗಿರೋ ಫೋಟೋ ನೋಡಬಹುದಾ?” ಎಂದು ಕೇಳಿದಳು.

“ನೋಡಿ. ಅವತ್ತಿಂದ ಅವನು ಅದನ್ನ ಮುಟ್ಟೇ ಇಲ್ಲ.”

ಕೌಂಟರಿನ ಒಳಗಡೆಗೆ ಮುಖಮಾಡಿದ್ದ ದೊಡ್ಡ ಪರದೆಯಲ್ಲಿ ಫೋಟೋಗಳು ತೆರೆದುಕೊಂಡವು. ಹಿಂದೆ ಅವಳ ಮುಖ, ಮುಂದೆ ಒಂದು ನೀಲಿ ಮಸುಕು. ದೊಡ್ಡದು ಮಾಡಿ ನೋಡಿದಳು. ಉದ್ದ ಕೊಕ್ಕು, ಕಿತ್ತಳೆ ಹೊಟ್ಟೆ. ನೀರಿನಲ್ಲಿ ನೆಟ್ಟ ಗೂಟದ ಮೇಲೆ ಮಿಂಚುಳ್ಳಿ! ಅವಳು ಕೂತಿದ್ದ ಕಡೆಯಿಂದ ಜೊಂಡು ಅಡ್ಡವಾಗಿ, ತಗ್ಗಿನಲ್ಲಿದ್ದ ಆ ಗೂಟ ಕಾಣುತ್ತಲೇ ಇರಲಿಲ್ಲ.

“ಅದೇನೋ ಗಲಾಟೆ ಆಯ್ತಂತೆ,” ಎಂದಳು ಅವನ ಅಕ್ಕ, ಎದುರಿಗೆ ನಿಂತವಳು ಯಾರೆಂದು ತಿಳಿಯದೆ. “ಆ ಮೆಸೇಜ್ ಅವನ ಆಸ್ಪತ್ರೆ ಡಾಕ್ಟರಿಗೂ ಹೋಗಿದೆ. ಹೆಂಗಸರು ಕೂತಿರೋ ಕಡೆ ಬರಬೇಡ, ಹಿಂದಿನ ಮೆಟ್ಟಿಲು ಹತ್ತಿ ಬಾ ಅಂದಿದ್ದಾರೆ. ಇವನು ಹಾಗೇ ಹೋಗಿ ಬರ್ತಿದ್ದಾನೆ. ಎಷ್ಟು ಕೇಳಿದ್ರೂ ಬಾಯಿ ಬಿಡಲ್ಲ.”

ಅವಳಿಗೆ ನಿಂತ ನೆಲವೇ ಬಾಯ್ತೆರೆಯಬಾರದೇ ಎನಿಸಿತು.

“ಆ ಮೆಸೇಜ್ ಕಳಿಸಿದ್ದು ನಾನೇ ಅಕ್ಕಾ.”

ಅಕ್ಕ ಅವಳನ್ನೇ ದಿಟ್ಟಿಸಿದಳು. ಬೈಯಲಿಲ್ಲ. ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು, “ನನಗೆ ಹೇಳಿ ಏನು ಪ್ರಯೋಜನ?” ಎಂದಷ್ಟೇ ಹೇಳಿ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಭಾನುವಾರ ಕೆರೆಯ ಬಳಿ ಎಲ್ಲರೂ ಸೇರಿದಾಗ ಅವಳು ಮುಂದೆ ಬಂದು ನಿಂತಳು. ನಡೆದದ್ದನ್ನೆಲ್ಲ ಹೇಳಿದಳು. ಕಿವಿ, ಕೆನ್ನೆ ಎಲ್ಲ ಬಿಸಿಯಾಗಿತ್ತು. “ಹೋಗಲಿ ಬಿಡಮ್ಮ, ಹುಷಾರಾಗಿರೋದು ತಪ್ಪಲ್ಲ,” ಎಂದರು ಯಾರೋ.

“ಹುಷಾರಾಗಿರೋದು ತಪ್ಪಲ್ಲ. ಕೇಳದೇ ತೀರ್ಪು ಕೊಟ್ಟೆನಲ್ಲ, ಅದು ತಪ್ಪು.”

ಗುಂಪಿನ ಹಿರಿಯರು ಕನ್ನಡಕ ತೆಗೆದು ಒರೆಸುತ್ತ ನಿಂತುಬಿಟ್ಟರು. ಪರದೆ ನೋಡಿದ್ದು ಅವರೂ ತಾನೇ.

ಮರುದಿನ ಹಲ್ಲಿನ ಆಸ್ಪತ್ರೆಗೆ ಹೋಗಿ ಡಾಕ್ಟರಿಗೂ ಹೇಳಿದಳು. ಆಮೇಲೆ ಹಿಂದಿನ ಮೆಟ್ಟಿಲು ಹತ್ತಿದಳು. ಅವನು ದಿನವೂ ಹತ್ತಿ ಇಳಿಯುವ ಮೆಟ್ಟಿಲು. ಖಾಲಿ ಡಬ್ಬಗಳು, ಕಸದ ಬುಟ್ಟಿ.

ಬಿಳಿ ಪುಡಿ ಮೆತ್ತಿದ ಮೇಜಿನ ಮುಂದೆ ಅವನು ಯಾರದೋ ಹಲ್ಲಿನ ಸೆಟ್ಟನ್ನು ಉಜ್ಜುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

“ಕ್ಷಮಿಸಿ ಅಂತ ಕೇಳೋಕೂ ನನಗೆ ಮುಖ ಇಲ್ಲ,” ಎಂದಳು. “ಬೈಯಿರಿ.”

“ಬೈಯೋಕೆ ಆಗಲ್ಲ.”

“ಅವತ್ತು ಯಾಕೆ ಸುಮ್ಮನಿದ್ರಿ? ಅಲ್ಲೊಂದು ಮಿಂಚುಳ್ಳಿ ಇತ್ತು ಅಂದಿದ್ರೆ ಸಾಕಿತ್ತಲ್ಲ...”

ಅವನು ಕೈಗೆ ಮೆತ್ತಿದ್ದ ಪುಡಿಯನ್ನು ನಿಧಾನವಾಗಿ ಒರೆಸಿಕೊಂಡ.

“ಇನ್ನೊಂದು ಫೋಟೋ ಇತ್ತು. ನೀವು ನೋಡಿರಲ್ಲ, ಅಳಿಸಿಬಿಟ್ಟಿದ್ದೆ. ಹಕ್ಕಿ ಯಾಕೆ ಮಸುಕಾಗ್ತಿದೆ ಅಂತ ನೋಡಿದಾಗ ನೀವು ಕಂಡ್ರಿ. ಏನೋ ನೆನೆಸ್ಕೊಂಡು ಒಬ್ಬರೇ ನಗ್ತಿದ್ರಿ. ಆಮೇಲೆ ಒಂದು... ಬೇಕಂತಲೇ ತೆಗೆದೆ. ತೆಗೆದ ತಕ್ಷಣ ನನಗೇ ಅಸಹ್ಯ ಅನ್ನಿಸ್ತು. ಅಳಿಸಿದೆ. ಮತ್ತೆ ಹಕ್ಕಿ ಕಡೆ ತಿರುಗಿದೆ, ಅಷ್ಟರಲ್ಲಿ ನೀವು ಬಂದ್ರಿ. ನೀವು ಅಂದಿದ್ರಲ್ಲಿ ಒಂದು ಫೋಟೋದಷ್ಟು ನಿಜ ಇತ್ತು. ಯಾವ ಬಾಯಲ್ಲಿ ಇಲ್ಲ ಅನ್ನಲಿ?”

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹೋದ ಸದ್ದು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಾರದೆ ಆ ಹಲ್ಲಿನ ಸೆಟ್ಟನ್ನೇ ನೋಡುತ್ತಿದ್ದರು.

“ಅದು ತಪ್ಪೇ,” ಎಂದಳು ಕೊನೆಗೆ.

“ಹೌದು.”

“ಆದ್ರೆ ನಿಮ್ಮದನ್ನ ನೀವು ಅಳಿಸಿದ್ರಿ. ನಾನು ಕಳಿಸಿದ್ದು ಯಾರ್ಯಾರ ಫೋನಲ್ಲಿದೆಯೋ. ಅದನ್ನ ಅಳಿಸೋಕೆ ನನ್ನ ಕೈಲಿ ಆಗಲ್ಲ.”

ಅವನು ತನ್ನ ಕುರ್ಚಿಯನ್ನು ಅವಳ ಮುಂದೆ ಎಳೆದಿಟ್ಟ. “ಕೂತ್ಕೊಳ್ಳಿ. ನೀರು ತರ್ತೀನಿ.”

ಅವನು ಮತ್ತೆ ಗುಂಪಿಗೆ ಬರಲು ತುಂಬ ದಿನ ಹಿಡಿಯಿತು. ಬಂದ ದಿನ ಹಿರಿಯರೇ ಎದ್ದು ಹೋಗಿ ಅವನ ಕೈ ಹಿಡಿದುಕೊಂಡರು. ಅವನು ತಂದಿದ್ದ ಅಕ್ಕನ ಕ್ಯಾಮೆರಾದಲ್ಲಿ ಅವಳು ‘ಪಕ್ಷಿ’ ಆಯ್ಕೆ ಮಾಡಿಕೊಟ್ಟಳು, ಫೋಕಸ್ ಹುಡುಕುವ ಚೌಕವನ್ನು ಚಿಕ್ಕದಾಗಿಸಿ ಕೊಟ್ಟಳು, ಕೂತ ಹಕ್ಕಿಗೆ ಒಂದು ಬಗೆ, ಹಾರುವ ಹಕ್ಕಿಗೆ ಇನ್ನೊಂದು ಬಗೆ ಎಂದು ತೋರಿಸಿದಳು. ಅವನು ತಪ್ಪು ಮಾಡಿದಾಗ ಬೈಯಲು ಅವಳಿಗೆ ಧೈರ್ಯ ಬರುತ್ತಿರಲಿಲ್ಲ. ಅದನ್ನು ಗಮನಿಸಿ ಅವನೇ, “ಸ್ವಲ್ಪ ಬೈದು ಹೇಳಿಕೊಡಿ, ಬೇಗ ಬರುತ್ತೆ,” ಎಂದ. ಆಗ ಮೊದಲ ಸಲ ಅವಳು ಅವನೆದುರು ನಕ್ಕಳು.

ಒಂದು ಬೆಳಿಗ್ಗೆ ಎಲ್ಲರೂ ಮುಂದೆ ಹೋದ ಮೇಲೆ ಅವನು ನಿಂತ.

“ನನಗೆ ನೀವು ತುಂಬಾ ಇಷ್ಟ. ಇದನ್ನ ಕದ್ದು ಇಟ್ಕೊಳ್ಳೋಕೆ ಇಷ್ಟ ಇಲ್ಲ, ಅದಕ್ಕೇ ಹೇಳ್ತಿದ್ದೀನಿ.”

ಅವಳ ಕಣ್ಣು ತುಂಬಿತು. “ಎಲ್ಲರ ಮುಂದೆ ನಿಮ್ಮ ಮಾನ ಕಳೆದವಳು ನಾನು. ನಿಮ್ಮ ಮುಖ ನೋಡಿದಾಗೆಲ್ಲ ಅದೇ ನೆನಪಾಗುತ್ತೆ.”

“ನನಗೂ ನೆನಪಿದೆ. ನೆನಪಿದ್ದೂ ಹೇಳ್ತಿದ್ದೀನಿ.”

ಅವಳು ಅವನ ತೋಳನ್ನು ಮೆಲ್ಲಗೆ ಹಿಡಿದಳು.

“ಇನ್ನೊಂದು ಸಲ ಹೇಳ್ತೀರಾ? ಅವತ್ತು ನಿಮ್ಮ ಮಾತನ್ನ ಕೇಳಿಸ್ಕೊಳ್ಳಲೇ ಇಲ್ಲ. ಇವತ್ತು ಪೂರ್ತಿ ಕೇಳಿಸ್ಕೊಳ್ತೀನಿ.”

ಅವನು ಹೇಳಿದ. ನಿಧಾನವಾಗಿ, ಮೊದಲಿನಿಂದ.

“ಹೂಂ,” ಎಂದಳು ಅವಳು, ಅವನ ತೋಳು ಬಿಡದೆ. “ನನಗೂ.”